ಯಾವ ಕೆಂಪು

ಭಾನುವಾರ ಬೆಳಿಗ್ಗೆ ಮಾವ ಹಿತ್ತಿಲ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಒಳಗೆ ಸೊಸೆ ಕುಂಬಳಕಾಯಿ ಹೆಚ್ಚುತ್ತಿದ್ದಳು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ ಮಾವ ಗೋಡೆ ಹಿಡಿದುಕೊಂಡು ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

"ಆ ಚಾಕು ಕತ್ತರಿಸ್ತಿಲ್ಲ, ತಳ್ತಿದೆ," ಎಂದರು. "ಒಂದೊಂದು ಏಟಿಗೂ ನೀನು ಉಸಿರು ಬಿಗಿ ಹಿಡೀತಿದೀಯ. ಎಲ್ಲಿ, ಕೈ ಕೊಡು."

"ಏನಿಲ್ಲ ಮಾವ."

"ಆ ಏನಿಲ್ಲವನ್ನೇ ನೋಡ್ತೀನಿ, ಕೊಡು."

ಅವಳು ಬಲಗೈ ಚಾಚಿದಳು. ಮಾವನ ಕಣ್ಣಿಗೆ ಬೆಳಕು ಯಾವ ಕಡೆ ಇದೆ ಎನ್ನುವುದೊಂದು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಆದರೆ ನಲವತ್ತು ವರ್ಷ ಕುಲುಮೆಯಲ್ಲಿ ಕಬ್ಬಿಣ ಬಡಿದ ಬೆರಳುಗಳವು. ಮಣಿಕಟ್ಟಿನ ಹತ್ತಿರ ಅವರ ಹೆಬ್ಬೆರಳು ತಾನಾಗಿಯೇ ನಿಂತಿತು. ಅಲ್ಲಿ ನೆಲ್ಲಿಕಾಯಿ ಗಾತ್ರದ ಬಾವು. ಒತ್ತಿದಾಗ ಅವಳು ತುಟಿ ಕಚ್ಚಿಕೊಂಡಳು.

ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು ಅವಳ ಕೆಲಸ. ನಾನೂರು ರೋಗಿಗಳ ಎರಡು ಹೊತ್ತಿನ ಊಟಕ್ಕೆ ನಾಲ್ವರು ಹೆಂಗಸರು ಒಂದು ಉದ್ದನೆಯ ಸ್ಟೀಲ್ ಮೇಜಿನ ಎರಡೂ ಬದಿ ನಿಂತು ಈರುಳ್ಳಿ, ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್ ಎಂದು ಬೆಳಿಗ್ಗೆ ಐದೂವರೆಯಿಂದ ಹೆಚ್ಚುತ್ತಾರೆ. ಅಲ್ಲಿ ಕೊಡುವ ಚಾಕುಗಳೂ ಇಂಥವೇ. ಮಾವ ಮನೆಯ ಚಾಕುವನ್ನು ಕೈಗೆ ತೆಗೆದುಕೊಂಡು ಅದರ ಅಲಗಿನ ಬಾಯಿಯ ಮೇಲೆ ಅಡ್ಡಡ್ಡಲಾಗಿ ಹೆಬ್ಬೆರಳು ಎಳೆದರು. ಆಮೇಲೆ ಉಗುರಿನಿಂದ ಹೊಡೆದು ಸದ್ದು ಕೇಳಿದರು.

"ಇದು ಚಾಕು ಅಲ್ಲಮ್ಮ, ಡಬ್ಬದ ಮುಚ್ಚಳಕ್ಕೆ ಹಿಡಿ ಹಾಕಿದಾರೆ. ಇದರಲ್ಲಿ ಬೆಣ್ಣೆ ಕತ್ತರಿಸ್ಬೇಕಾದ್ರೂ ಮೊದಲು ಬೆಣ್ಣೆನ ಒಂದು ಮಾತು ಕೇಳ್ಬೇಕು." ಚಾಕುವನ್ನು ಮೆಲ್ಲಗೆ ಕೆಳಗಿಟ್ಟರು. "ಊರಿಗೆಲ್ಲ ಕತ್ತಿ ಮಾಡಿಕೊಟ್ಟೋನು ನಾನು. ನನ್ನ ಸೊಸೆ ಕೈಲಿ ಇದು. ನಾಲ್ಕು ಜನ ಕೇಳಿದ್ರೆ ಉಗೀತಾರೆ. ಕುಲುಮೆ ಹಚ್ಚೋಣ."

ಅವಳು ಅವರ ಕಣ್ಣುಗಳ ಕಡೆ ನೋಡಿದಳು. ಅವಳು ಅನ್ನದೇ ಇದ್ದದ್ದನ್ನು ಅವರೇ ಕೇಳಿಸಿಕೊಂಡರು.

"ಕಣ್ಣು ನೀನಾಗು," ಎಂದರು. "ಮಿಕ್ಕಿದ್ದು ನಾನು ನೋಡ್ಕೊಳ್ತೀನಿ."

ಆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಬೀದಿಯ ಕೊನೆಯ ಮನೆ. ಮುಂದೆ ಎರಡು ಕೋಣೆ, ಹಿಂದೆ ತಗಡು ಹೊದಿಸಿದ ಕುಲುಮೆ. ಅತ್ತೆ ಇವಳು ಬರುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ನಾಲ್ಕು ವರ್ಷದ ಹಿಂದೆ ಮಾವನ ಕಣ್ಣಿನ ನರ ಒಣಗಿತು. ಡಾಕ್ಟರು ಕೈಚೆಲ್ಲಿದ ಮೇಲೆ ಕುಲುಮೆಯ ಬಾಗಿಲಿಗೆ ಬೀಗ ಬಿತ್ತು. ಲಿಫ್ಟ್ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದ ಅವಳ ಗಂಡ ಲಿವರ್ ಕೆಟ್ಟು, ಐದು ತಿಂಗಳು ಮಲಗಿ, ಕಣ್ಣು ಮುಚ್ಚಿ ಎರಡು ವರ್ಷವಾಗಿತ್ತು. ಕುಡಿತದ ಚಟ ಅವನಿಗಿರಲಿಲ್ಲ. ಯಾಕೆ ಬಂತೆಂದು ಯಾರಿಗೂ ಗೊತ್ತಾಗಲಿಲ್ಲ.

ಅವಳ ತವರಿನವರು ಬಂದು ಕರೆದರು. "ಇವತ್ತಲ್ಲ ನಾಳೆ ಬರ್ತೀನಿ," ಎಂದಳು. ಆ ನಾಳೆ ಬರಲೇ ಇಲ್ಲ. ಇರು ಎಂದು ಮಾವ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ತುಂಬಿದ ಕೊಡ ಹೊತ್ತವರ ಹಾಗೆ ಇಬ್ಬರೂ ತುಳುಕದಂತೆ ಮನೆಯೊಳಗೆ ಓಡಾಡುತ್ತಿದ್ದರು. ಊಟ, ಮಾತ್ರೆ, ಬಟ್ಟೆ, ನೀರು ಬಂತೇ ಹೋಯಿತೇ ಎಂಬ ಮಾತು ನಡೆಯುತ್ತಿತ್ತು. ಸತ್ತವನ ಮಾತು ಮಾತ್ರ ಒಂದು ದಿನವೂ ಬಂದಿರಲಿಲ್ಲ.

ಮುಂದಿನ ಭಾನುವಾರ ಮಾವ ಅವಳ ಭುಜ ಹಿಡಿದುಕೊಂಡು ಗುಜರಿ ಅಂಗಡಿಗೆ ಹೋದರು. ಅದರ ಒಡತಿಯನ್ನು ಎಲ್ಲರೂ ತುಕ್ಕಮ್ಮ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ.

"ಏನಯ್ಯಾ ಮುದುಕಪ್ಪ, ನೀನಿನ್ನೂ ಇದೀಯಾ?" ಎಂದಳು ತುಕ್ಕಮ್ಮ, ಹಳೆಯ ಟೈರಿನ ಮೇಲಿಂದ ಏಳದೆ.

"ನನ್ನನ್ನ ತೂಕಕ್ಕೆ ಹಾಕೋಕೆ ಕಾಯ್ತಿದ್ಯಾ? ಕಾಯ್ತಾ ಇರು. ಲಾರಿ ಸ್ಪ್ರಿಂಗ್ ಪಟ್ಟಿ ಎಲ್ಲಿಟ್ಟಿದೀಯ?"

ಗೋಡೆಗೊರಗಿಸಿಟ್ಟ ಹತ್ತು ಹನ್ನೆರಡು ಪಟ್ಟಿಗಳನ್ನು ಸೊಸೆ ಒಂದೊಂದಾಗಿ ಎಳೆದು ಕೊಟ್ಟಳು. ಮಾವ ಪ್ರತಿಯೊಂದನ್ನೂ ಹಗ್ಗಕ್ಕೆ ಕಟ್ಟಿ ನೇತುಹಾಕಿಸಿ ಬೋಲ್ಟಿನಿಂದ ಮೀಟಿದರು. ಕೆಲವು ಗಂಟೆಯ ಹಾಗೆ ಉಲಿದವು. ಎರಡು ಮೂರು 'ಟಪ್' ಎಂದು ಸುಮ್ಮನಾದವು. "ಇವಕ್ಕೆ ಒಳಗೆಲ್ಲೋ ಬಿರುಕಿದೆ. ಮೇಲೆ ಕಾಣಲ್ಲ," ಎಂದು ಬದಿಗೆ ಸರಿಸಿದರು. ಕೊನೆಗೆ ಉಳಿದ ಒಂದರ ಮೇಲೆ ಲೋಹ ತಿಕ್ಕುವ ಅರ ಎಳೆದು, ಅದು ಕಚ್ಚುವ ರೀತಿಗೆ ತಲೆಯಾಡಿಸಿ, "ಇದೇ ಇರಲಿ," ಎಂದರು. ಅರ್ಧ ಆಳಿನಷ್ಟು ಉದ್ದದ, ತುದಿಯಲ್ಲಿ ಸ್ವಲ್ಪ ಬಾಗಿದ ಪಟ್ಟಿ.

"ಯಾರ ತಲೆ ತೆಗೀಬೇಕು ಅಂತಿದೀಯಪ್ಪ?" ತುಕ್ಕಮ್ಮ ಕೇಳಿದಳು.

"ಎಲೆಕೋಸಿನ ತಲೆ."

ತುಕ್ಕಮ್ಮ ನಕ್ಕಳು. ಸೊಸೆಯೂ ನಕ್ಕಳು. ತನ್ನ ನಗುವಿನ ಸದ್ದು ಅವಳಿಗೇ ವಿಚಿತ್ರವಾಗಿ ಕೇಳಿಸಿತು.

ಕುಲುಮೆಯ ಬೀಗ ತೆಗೆಯಲು ಸೀಮೆಎಣ್ಣೆ ಹಾಕಬೇಕಾಯಿತು. ಒಳಗೆ ಎಲ್ಲವೂ ಇಟ್ಟಲ್ಲೇ ಇತ್ತು: ಮರದ ದಿಮ್ಮಿಯ ಮೇಲೆ ಕಬ್ಬಿಣ ಬಡಿಯುವ ಅಡಿಗಲ್ಲು, ಗೋಡೆಯ ಮೊಳೆಗಳಲ್ಲಿ ಇಕ್ಕಳಗಳು, ಕೈಯಿಂದ ತಿರುಗಿಸುವ ಗಾಳಿಯಂತ್ರ. ಮಾವ ಒಂದೊಂದನ್ನೂ ಮುಟ್ಟಿ ನೋಡಿದರು, ಬಹಳ ದಿನದ ಮೇಲೆ ಊರಿಗೆ ಬಂದವನು ನೆಂಟರನ್ನು ಮಾತಾಡಿಸುವ ಹಾಗೆ. ಆಮೇಲೆ ಕಿಟಕಿಗೆ ಗೋಣಿತಾಟು ಕಟ್ಟಲು ಹೇಳಿದರು. ಬಿಸಿಲು ಒಳಗೆ ಬಂದರೆ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದಂತೆ.

ಪಟ್ಟಿಯನ್ನು ಎರಡು ತುಂಡು ಮಾಡಿ ಒಂದನ್ನು ಕೆಂಡದಲ್ಲಿಟ್ಟರು. ಗಾಳಿಯಂತ್ರ ತಿರುಗಿಸುತ್ತ ಮಾವ ಕೇಳಿದರು, "ಬಣ್ಣ ಏನು?"

"ಕೆಂಪು."

"ಯಾವ ಕೆಂಪು?"

ಅವಳು ತಡವರಿಸಿದಳು. "ಕೆಂಪಂದ್ರೆ... ಕೆಂಪೇ ಮಾವ."

"ಹಾಗಂದ್ರೆ ಆಗಲ್ಲ. ಕೆಂಪಲ್ಲಿ ಹತ್ತು ಥರ ಇದೆ. ಒಂದರಲ್ಲಿ ಬಡೀಬೇಕು, ಒಂದರಲ್ಲಿ ಕೈ ತೆಗೀಬೇಕು, ಒಂದರಲ್ಲಿ ಎಣ್ಣೆಗೆ ಅದ್ದಬೇಕು. ಮೊದಲು ನನ್ನ ಕಣ್ಣೇ ಹೇಳ್ತಿತ್ತು, ಬಾಯಿ ಬೇಕಿರ್ಲಿಲ್ಲ. ಈಗ ನೀನು ಹೇಳಬೇಕು. ನಿನಗೆ ಗೊತ್ತಿರೋ ಯಾವುದಾದ್ರೂ ಒಂದರ ಹೆಸರು ಹೇಳು."

ಅವಳು ಬಗ್ಗಿ ನೋಡಿದಳು. ದಿನವಿಡೀ ಅವಳ ಕಣ್ಣ ಮುಂದೆ ಇರುವುದು ತರಕಾರಿ. "ಬೀಟ್‌ರೂಟ್," ಎಂದಳು.

"ಹಾ! ಹಾಗೆ ಹೇಳು. ಬೀಟ್‌ರೂಟಲ್ಲಿ ಬಡಿಯೋ ಹಾಗಿಲ್ಲ. ಇನ್ನೂ ಕಾಯಲಿ."

"ಈಗ ಹಣ್ಣು ಟೊಮೆಟೊ."

"ಇನ್ನೂ."

"ಕ್ಯಾರೆಟ್. ಎಳೇ ಕ್ಯಾರೆಟ್."

"ಈಗ ತೆಗೀಬೇಕು!"

ಬಿಸಿ ತುಂಡನ್ನು ಇಕ್ಕಳದಲ್ಲಿ ಹಿಡಿದದ್ದು ಮಾವನೇ. ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಏಟು ಎಲ್ಲಿ ಬೀಳಬೇಕೋ ಅಲ್ಲಿ ಸಣ್ಣ ಸುತ್ತಿಗೆಯಿಂದ 'ಟಿಕ್' ಎನ್ನಿಸುತ್ತಿದ್ದರು. ಅದೇ ಜಾಗಕ್ಕೆ ಅವಳು ದೊಡ್ಡ ಸುತ್ತಿಗೆ ಬೀಸಬೇಕು. ಬಾವು ಬಂದ ಕೈಗೆ ನೋವಾಗದಂತೆ ಎಡಗೈಯನ್ನು ಮುಂದೆ ಇಟ್ಟುಕೊಂಡು ಬೀಸುವುದನ್ನು ಹೇಳಿಕೊಟ್ಟರು. ಮೊದಲ ಏಟು ಅಡಿಗಲ್ಲಿಗೆ ಬಿತ್ತು. ಎರಡನೆಯದು ಇಕ್ಕಳಕ್ಕೆ. "ಕಬ್ಬಿಣ ಅದರ ಪಕ್ಕದಲ್ಲಿದೆ," ಎಂದರು ಮಾವ ಗಂಭೀರವಾಗಿ. ಮೂರನೆಯದು ಸರಿಯಾಗಿ ಬಿದ್ದಾಗ ಕೆಂಪು ಲೋಹ ಹಿಟ್ಟಿನ ಮುದ್ದೆಯ ಹಾಗೆ ತಗ್ಗಿದ್ದನ್ನು ಕಂಡು ಅವಳಿಗೆ ಮೈ ಜುಮ್ಮೆಂದಿತು.

ಹೀಗೆ ಮೂರು ಭಾನುವಾರ ನಡೆಯಿತು. ಪಟ್ಟಿ ನೆಟ್ಟಗಾಯಿತು, ಅಗಲವಾಯಿತು, ಹಿಡಿಯೊಳಗೆ ಸೇರುವ ಬಾಲ ಮೂಡಿತು, ಬಾಯಿಯ ಕಡೆ ತೆಳುವಾಯಿತು. ಅಂಗೈ ಅಗಲದ, ಮುಂದೆ ಸ್ವಲ್ಪ ದುಂಡಗಿನ, ಹೆಚ್ಚುವ ಕತ್ತಿಯ ರೂಪ ಬಂತು. ಅವರ ನಡುವೆ ಒಂದು ಭಾಷೆಯೂ ಬೆಳೆಯಿತು. 'ಬೀಟ್‌ರೂಟಿಗೆ ಇಳೀತು' ಎಂದರೆ ಬಡಿಯುವುದು ನಿಲ್ಲಬೇಕು. 'ಕುಂಬಳಕಾಯಿ' ಎಂದರೆ ಮಾವ ಬೈಯುತ್ತ ಗಾಳಿ ನಿಲ್ಲಿಸುತ್ತಿದ್ದರು. ಅಷ್ಟು ಕಾದರೆ ಉಕ್ಕು ಸುಡುತ್ತದೆ.

ನಾಲ್ಕನೆಯ ಭಾನುವಾರ ಎಣ್ಣೆಗೆ ಅದ್ದುವ ದಿನ. ಅಲ್ಲಿಯವರೆಗೆ ಮಾಡಿದ್ದೆಲ್ಲ ಆಕಾರ. ಉಕ್ಕಿಗೆ ಗಟ್ಟಿತನ ಬರುವುದು ಈ ಒಂದು ಗಳಿಗೆಯಲ್ಲಿ. ಹಳೆಯ ಡಬ್ಬದಲ್ಲಿ ಎಣ್ಣೆ ಬೆಚ್ಚಗೆ ಕಾಯಿಸಿಟ್ಟಿದ್ದರು. ತಂತಿಗೆ ಕಟ್ಟಿದ ಒಂದು ಅಯಸ್ಕಾಂತವೂ ಇತ್ತು. ಕಾದ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟಾಗ ಸಮಯ ಹತ್ತಿರ ಬಂತೆಂದು ಅರ್ಥ.

"ಇದು ಬಾಗಿಲು ತೆರೀತು ಅಂತ ಮಾತ್ರ ಹೇಳುತ್ತೆ," ಎಂದರು ಮಾವ. "ಒಳಗೆ ಎಷ್ಟು ದೂರ ಹೋದ್ವಿ ಅನ್ನೋದನ್ನ ಕಣ್ಣೇ ಹೇಳ್ಬೇಕು. ಹಣ್ಣು ಟೊಮೆಟೊ ದಾಟಿ ಕ್ಯಾರೆಟ್‌ಗೆ ಕಾಲಿಡ್ತಿದ್ದ ಹಾಗೇ ಹೇಳು. ಹಿಡಿಯಿಂದ ಮೊನೆವರೆಗೆ ಎಲ್ಲ ಒಂದೇ ಬಣ್ಣ ಇರ್ಬೇಕು."

ಗಾಳಿಯಂತ್ರ ಬೆಳಗಿನಿಂದ ತಿರುಗುತ್ತಿತ್ತು. ಮಾವನ ಅಂಗಿ ಬೆನ್ನಿಗಂಟಿತ್ತು. ಎರಡು ಸಲ ಅವಳು 'ಇನ್ನೂ ಇಲ್ಲ' ಎಂದಿದ್ದಳು. ಎರಡು ಸಲವೂ ಅವರ ಮುಖ ಬಾಡಿತ್ತು. ಮೂರನೆಯ ಸಲ ನೋಡುವಾಗ ನಡುಭಾಗ ಸರಿಯಾಗಿತ್ತು, ಆದರೆ ಮೊನೆ ಕ್ಯಾರೆಟ್ ದಾಟಿ ಕುಂಬಳಕಾಯಿಗೆ ಹೋಗಿತ್ತು.

"ಬಂತಾ?" ಮಾವ ಕೇಳಿದರು. ಆ ದನಿಯಲ್ಲಿ ಅಷ್ಟು ಆಸೆ ಇತ್ತು. "ಸರಿಯಾಗಿ ಬಂತಾ?"

"ಬಂತು ಮಾವ. ಎಲ್ಲ ಕಡೆ ಸರಿಯಾಗಿದೆ," ಎಂದಳು.

ಕತ್ತಿ ಎಣ್ಣೆಗಿಳಿಯಿತು. ಬುಸ್ಸೆಂದು ಹೊಗೆ ಎದ್ದಿತು. ಆ ಸದ್ದಿನೊಳಗೇ ಇನ್ನೊಂದು ಸದ್ದು ಬಂತು. 'ಟಿಣ್.' ಸಣ್ಣದು, ಬಳೆ ಒಡೆದಷ್ಟು.

ಮಾವ ಕತ್ತಿಯನ್ನು ಮೇಲೆತ್ತಲಿಲ್ಲ. ಇಕ್ಕಳ ಹಿಡಿದುಕೊಂಡು ಹಾಗೇ ನಿಂತರು. "ಮೊನೆ ಯಾವ ಬಣ್ಣ ಇತ್ತು?" ಎಂದು ಕೇಳಿದರು.

"ಮಾವ..."

"ಮೊನೆ ಯಾವ ಬಣ್ಣ ಇತ್ತು?"

"ಸ್ವಲ್ಪ... ಕುಂಬಳಕಾಯಿ."

ಕತ್ತಿಯನ್ನು ಹೊರತೆಗೆದು ಬಟ್ಟೆಯಿಂದ ಒರೆಸಿ ಬೆರಳಾಡಿಸಿದರು. ಮೊನೆಯಿಂದ ನಡುವಿನವರೆಗೆ ಕೂದಲೆಳೆಯಂಥ ಬಿರುಕು. ಮೂರು ಭಾನುವಾರದ ದುಡಿಮೆ ನೀರಲ್ಲಿ ಹೋಮವಾಗಿತ್ತು. ಆದರೆ ಮಾವನ ಬಾಯಲ್ಲಿ ಬಂದದ್ದು ಕತ್ತಿಯ ಮಾತಾಗಿರಲಿಲ್ಲ.

"ನನಗೆ ಯಾವುದು ಹಿತವೋ ಅದನ್ನ ಹೇಳ್ತೀಯ ನೀನು," ಎಂದರು. ದನಿ ಏರಿರಲಿಲ್ಲ. "ಅವನು ಮಲಗಿದ್ದಾಗಲೂ ಹಾಗೇ ಮಾಡ್ದೆ. ದಿನಾ ಬೆಳಿಗ್ಗೆ ಕೇಳ್ತಿದ್ದೆ, ಅವನ ಮುಖ ಹೇಗಿದೆಯಮ್ಮ ಇವತ್ತು ಅಂತ. 'ಚೆನ್ನಾಗಿದೆ ಮಾವ, ಬಣ್ಣ ಬರ್ತಿದೆ' ಅಂತಿದ್ದೆ ನೀನು. ಕೊನೇ ದಿನಾನೂ ಅಂದೆ. 'ಮುಖದಲ್ಲಿ ಕಳೆ ಬಂದಿದೆ' ಅಂದೆ. ನಾನು ನೆಮ್ಮದಿಯಾಗಿ ಕ್ಷೌರಕ್ಕೆ ಹೋದೆ. ಅರ್ಧ ತಲೆ ಆಗಿತ್ತು, ಪಕ್ಕದ ಮನೆಯವನು ಓಡಿ ಬಂದ. ಅರ್ಧ ತಲೇಲೇ ನನ್ನ ಮಗನ್ನ ಮಣ್ಣು ಮಾಡ್ದೆ."

ಬಿರುಕು ಬಿಟ್ಟ ಕತ್ತಿಯನ್ನು ಅಡಿಗಲ್ಲಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅವಳು ಕೆಂಡ ಆರುವವರೆಗೂ ಅಲ್ಲೇ ಕೂತಿದ್ದಳು.

ಆ ವಾರ ಮನೆಯಲ್ಲಿ ಮಾತಿರಲಿಲ್ಲ. ಅವಳು ಅನ್ನದ ತಟ್ಟೆ ಮುಂದಿಟ್ಟರೆ ಮಾವ ಊಟ ಮಾಡುತ್ತಿದ್ದರು, ತಟ್ಟೆ ತೊಳೆದಿಡುತ್ತಿದ್ದರು. ಆಸ್ಪತ್ರೆಯಲ್ಲಿ ಮುಖ್ಯ ಅಡುಗೆಯವಳು ಅವಳ ಮಣಿಕಟ್ಟಿನ ಮೇಲೆ ಕಟ್ಟಿದ್ದ ಬಟ್ಟೆ ನೋಡಿ, "ಹೆಚ್ಚೋಕಾಗ್ದಿದ್ರೆ ಹೇಳಿಬಿಡು, ಪಾತ್ರೆ ತೊಳೆಯೋ ಕಡೆ ಹಾಕ್ತೀನಿ. ನುಂಗೋದಕ್ಕೂ ಆಗ್ದೆ ಉಗುಳೋದಕ್ಕೂ ಆಗ್ದೆ ಯಾಕೆ ಒದ್ದಾಡ್ತೀಯ?" ಎಂದಳು. ಮುಖ್ಯ ಅಡುಗೆಯವಳು ಹೇಳಿದ್ದು ಕೈಯ ವಿಷಯ. ಅದು ಗೊತ್ತಿದ್ದರೂ ಇವಳು ಎಲೆಕೋಸಿನ ರಾಶಿಯ ಹಿಂದೆ ಮುಖ ತಿರುಗಿಸಿಕೊಂಡು ಅತ್ತಳು. ಈರುಳ್ಳಿ ಹೆಚ್ಚುವ ಮೇಜಿನಲ್ಲಿ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಅವಳು ತಾನೇ ಕುಲುಮೆ ಹಚ್ಚಿದಳು. ಪಟ್ಟಿಯ ಇನ್ನೊಂದು ತುಂಡು ಮೂಲೆಯಲ್ಲಿತ್ತು. ಅದನ್ನು ಕೆಂಡದಲ್ಲಿಟ್ಟು ಗಾಳಿಯಂತ್ರ ತಿರುಗಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಮಾವ ಬಂದು, ಅವಳ ಕೈಯಿಂದ ಹಿಡಿಕೆಯನ್ನು ತೆಗೆದುಕೊಂಡರು.

"ಬೀಟ್‌ರೂಟ್," ಎಂದಳು ಅವಳು, ಕೇಳುವುದಕ್ಕೆ ಮುಂಚೆಯೇ. "ಹಿಡಿ ಕಡೆ ಇನ್ನೂ ಕಪ್ಪು. ನಡು ಮಾತ್ರ."

"ಕೆಂಡ ಹಿಡಿ ಕಡೆಗೆ ಸರಿಸು."

ಈ ಸಲ ಕೆಲಸ ಎರಡೇ ಭಾನುವಾರಕ್ಕೆ ಮುಗಿಯಿತು. ಇಬ್ಬರ ಕೈಯೂ ಪಳಗಿತ್ತು. ಅವಳು ಕಂಡದ್ದನ್ನೆಲ್ಲ ಹೇಳುತ್ತ ಹೋದಳು, ಹಿತವಾದದ್ದನ್ನೂ ಅಹಿತವಾದದ್ದನ್ನೂ. 'ನನ್ನ ಏಟು ಓರೆ ಬಿತ್ತು, ಅಲ್ಲಿ ಗುಳಿ ಬಿದ್ದಿದೆ.' 'ಬೆನ್ನು ಡೊಂಕಾಗಿದೆ, ಹಾವಿನ ಹಾಗೆ.' 'ನಿಮ್ಮ ತೋಳಿನ ಮೇಲೆ ಕಿಡಿ ಬಿದ್ದಿದೆ, ಕೂದಲು ಸುಡ್ತಿದೆ, ಒರೆಸ್ಕೊಳ್ಳಿ.' ಎಣ್ಣೆಗೆ ಅದ್ದುವ ದಿನ ಐದು ಸಲ 'ಇಲ್ಲ' ಎಂದಳು. ಮಾವ ಐದು ಸಲವೂ ಗೊಣಗಿದರು. ಆರನೆಯ ಸಲ "ಹಿಡಿಯಿಂದ ಮೊನೆವರೆಗೆ ಎಳೇ ಕ್ಯಾರೆಟ್," ಎಂದಳು. ಕತ್ತಿ ಎಣ್ಣೆಗಿಳಿದಾಗ ಇಬ್ಬರೂ ಉಸಿರು ಹಿಡಿದರು. ಬುಸ್ಸೆನ್ನುವ ಸದ್ದೊಂದೇ. ಆರಿದ ಮೇಲೆ ಬಾಯಿಗೆ ಅರ ಎಳೆದರೆ ಅದು ಗಾಜಿನ ಮೇಲೆ ಜಾರಿದಂತೆ ಜಾರಿತು.

"ಗಟ್ಟಿಯಾಯ್ತು," ಎಂದರು ಮಾವ. "ಈಗ ಇದು ಗಟ್ಟಿ ಮಾತ್ರ. ನೆಲಕ್ಕೆ ಬಿದ್ರೆ ಗಾಜಿನ ಥರ ಚೂರಾಗುತ್ತೆ. ಸ್ವಲ್ಪ ಸಮಾಧಾನ ಹೇಳ್ಬೇಕು ಇದಕ್ಕೆ."

ಸಮಾಧಾನ ಹೇಳುವ ಕೆಲಸ ಹೀಗೆ: ಕತ್ತಿಯ ಒಂದು ಮೈಯನ್ನು ಕನ್ನಡಿಯಂತೆ ಉಜ್ಜಿ ಬಿಳಿ ಮಾಡಬೇಕು. ಒಂದು ದಪ್ಪ ಕಬ್ಬಿಣದ ಗಟ್ಟಿಯನ್ನು ಕೆಂಪಗೆ ಕಾಯಿಸಿ ಹೊರಗಿಟ್ಟು, ಅದರ ಮೇಲೆ ಕತ್ತಿಯ ಬೆನ್ನನ್ನು ಊರಿ ಹಿಡಿಯಬೇಕು. ಶಾಖ ಬೆನ್ನಿನಿಂದ ಬಾಯಿಯ ಕಡೆಗೆ ನಿಧಾನವಾಗಿ ಹರಿಯುತ್ತದೆ, ಅದರ ಜೊತೆಗೇ ಬಣ್ಣವೂ.

"ಮೊದಲು ತೆಳು ಹಳದಿ," ಎಂದು ವಿವರಿಸಿದರು ಮಾವ. "ಅದರ ಹಿಂದೆ ಕಂದು, ಆಮೇಲೆ ನೇರಳೆ, ನೀಲಿ. ಹಳದಿ ಬಾಯಿ ಮುಟ್ಟಿದ ತಕ್ಷಣ ಹೇಳು, ನೀರಿಗೆ ಹಾಕ್ತೀನಿ. ನೀಲಿ ಬಾಯಿವರೆಗೆ ಬಂತೋ, ಅದು ಕತ್ತಿ ಅಲ್ಲ, ಮತ್ತೆ ಲಾರಿ ಸ್ಪ್ರಿಂಗೇ. ಬಂದ ದಾರಿಗೆ ಸುಂಕವಿಲ್ಲ."

ಅವಳು ಗೋಣಿತಾಟಿನ ಒಂದು ಮೂಲೆ ಎತ್ತಿ ಕಟ್ಟಿದಳು. ಈ ಬಣ್ಣಗಳಿಗೆ ಹಗಲ ಬೆಳಕು ಬೇಕು. ಮಾವ ಕತ್ತಿಯನ್ನು ಗಟ್ಟಿಯ ಮೇಲೆ ಊರಿದರು. ಅವಳು ಮಂಡಿಯೂರಿ ಕೂತು ನೋಡತೊಡಗಿದಳು.

ಬೆಳ್ಳಗಿದ್ದ ಉಕ್ಕಿನಲ್ಲಿ ಬೆನ್ನಿನ ಹತ್ತಿರ ಏನೋ ಮಾಸಿದ ಹಾಗೆ ಆಯಿತು. ಕಣ್ಣಿನ ಭ್ರಮೆ ಎನ್ನುವಷ್ಟು ತೆಳುವಾಗಿ. ಆಮೇಲೆ ಅದು ಭ್ರಮೆಯಲ್ಲ ಎಂದು ತಿಳಿಯಿತು. ಹಳದಿ. ಬಿಳಿಯ ಒಳಗಿನಿಂದಲೇ ಹುಟ್ಟಿ, ಅಂಚು ಕಾಣದಂತೆ ಹರಡುವ ಹಳದಿ.

ಈ ಬಣ್ಣ ಹೀಗೆಯೇ ಬರುವುದನ್ನು ಅವಳು ಒಮ್ಮೆ ನೋಡಿದ್ದಳು. ಒಂದು ಬೆಳಿಗ್ಗೆ ಗಂಡ ಕಿಟಕಿಯ ಹತ್ತಿರ ಗಡ್ಡ ಹೆರೆದುಕೊಳ್ಳುತ್ತ ಅವಳ ಕಡೆ ತಿರುಗಿ ನಕ್ಕಾಗ ಕಣ್ಣಿನ ಬಿಳಿಯಲ್ಲಿ ಅದು ಇತ್ತು. ಬೆಳಕಿನ ತಪ್ಪೆಂದು ಅವಳು ಪರದೆ ಸರಿಸಿದ್ದಳು. ವಾರದಲ್ಲಿ ಅದು ಅಂಗೈಗೆ ಇಳಿಯಿತು, ಆಮೇಲೆ ಎದೆಗೆ.

ಹಳದಿ ಕತ್ತಿಯ ನಡು ದಾಟಿತು.

"ಏನು ಬಣ್ಣ?" ಮಾವ ಕೇಳಿದರು.

ಅವಳು ನೋಡುತ್ತಲೇ ಇದ್ದಳು. ಮೊನೆ ತೆಳುವಾದ್ದರಿಂದ ಅಲ್ಲಿ ಬಣ್ಣ ಬೇಗ ಓಡುತ್ತಿತ್ತು. ಅಲ್ಲಾಗಲೇ ಹಳದಿ ಬಾಯಿ ಮುಟ್ಟಿ, ಹಿಂದಿನಿಂದ ಕಂದು ಬರುತ್ತಿತ್ತು.

"ಬಣ್ಣ ಏನಮ್ಮ?"

"ಹಳದಿ!" ಎಂದು ಕೂಗಿಬಿಟ್ಟಳು. "ಹಳದಿ ಮಾವ, ಬಾಯಿಗೆ ಬಂದಿದೆ, ಮೊನೆ ಕಂದಾಗೋಯ್ತು, ತೆಗೀರಿ, ತೆಗೀರಿ!"

ಕತ್ತಿ ನೀರಿಗೆ ಬಿತ್ತು. ಮಾವ ಅದನ್ನು ತೆಗೆದು ಒರೆಸಿದರು. "ಮೊನೆ ಎಷ್ಟು ಹೋಯ್ತು?"

"ಎರಡು ಬೆರಳಗಲ. ಕಂದು. ನೇರಳೆ ಆಗಿಲ್ಲ."

"ಅಷ್ಟು ಜಾಗ ಸ್ವಲ್ಪ ಮೆತ್ತಗಿರುತ್ತೆ. ಆಗಾಗ ಮಸೀಬೇಕಾಗುತ್ತೆ. ಪರವಾಗಿಲ್ಲ." ಕತ್ತಿಯನ್ನು ಇನ್ನೊಮ್ಮೆ ಒರೆಸಿದರು. "ಯಾಕೆ ತಡ ಮಾಡ್ದೆ?"

ಅವಳು ನೆಲದ ಮೇಲೆ ಕೂತಲ್ಲಿಂದಲೇ ಹೇಳಿದಳು.

"ಅವರಿಗೆ ಹೀಗೇ ಬಂದಿತ್ತು. ಇದೇ ಬಣ್ಣ. ಮೊದಲು ಕಣ್ಣಲ್ಲಿ, ಆಮೇಲೆ ಮೈಯೆಲ್ಲ. ಕೊನೇ ತಿಂಗಳು ದಿಂಬಿನ ಬಟ್ಟೆಗೂ ಅಂಟ್ತಿತ್ತು ಮಾವ. ನೀವು ಕೇಳಿದಾಗೆಲ್ಲ ಚೆನ್ನಾಗಿದೆ ಅಂದೆ. ಹಾಗೆ ಹೇಳು ಅಂತ ಅವರೇನೂ ನನಗೆ ಹೇಳಿರ್ಲಿಲ್ಲ. ನಾನೇ. ನಿಮ್ಮನ್ನ ನೋಯಿಸ್ಬಾರದು ಅಂತಾನೂ ಅಲ್ಲ. ನನ್ನ ಬಾಯಿಂದ ಹಳದಿ ಅನ್ನೋ ಮಾತು ಬಂದ್ರೆ ಅದು ನಿಜ ಆಗ್ಬಿಡುತ್ತೆ ಅನ್ನಿಸ್ತಿತ್ತು. ಆ ದಿನ ಬೆಳಿಗ್ಗೆ ಅವರು ಉಸಿರಾಡ್ತಿದ್ದ ರೀತಿ ನೋಡಿದ್ದೆ. ನೋಡಿಯೂ ನಿಮಗೆ ಹೋಗಿ ಬನ್ನಿ ಅಂದೆ. ನಿಮ್ಮ ಪಾಲಿನ ಆ ಗಳಿಗೆ ನಾನು ಕಿತ್ಕೊಂಡೆ. ಇದನ್ನ ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳೋಕೂ ನನಗೆ ಮುಖ ಇಲ್ಲ."

ಮಾವ ಕತ್ತಿಯನ್ನು ಬದಿಗಿಟ್ಟರು. ತಡಕಾಡಿ ಗೋಡೆಗೊರಗಿ ಕೂತರು. ಹೊರಗೆ ಯಾರದೋ ಸೈಕಲ್ ಬೆಲ್ ಕೇಳಿಸಿತು.

"ಅವನ ಕೈ ಹಿಡ್ಕೊಂಡು ಕೂರ್ತಿದ್ನಲ್ಲ ನಾನು," ಎಂದರು ಕೊನೆಗೆ. "ಚರ್ಮ ಒಣಗಿ ಕಾಗದ ಆಗಿತ್ತು. ಕೆರ್ಕೊಂಡು ಕೆರ್ಕೊಂಡು ಗಾಯ ಆಗಿತ್ತು. ಹೊಟ್ಟೆ ಉಬ್ಬಿತ್ತು, ಬೆರಳಿಗೆ ಸಿಕ್ತಿತ್ತು. ಕಬ್ಬಿಣದ ಒಳಗಿನ ಬಿರುಕು ಗೊತ್ತಾಗೋ ಕೈಗೆ ಅದು ಗೊತ್ತಾಗ್ಲಿಲ್ವಾ? ದಿನಕ್ಕೆ ಒಂದೇ ಸಲ ಕೇಳ್ತಿದ್ದೆ ನಿನ್ನನ್ನ. ನಿಜ ಬೇಕಾದವನು ಎರಡು ಸಲ ಕೇಳ್ತಾನೆ ಮಗಳೇ. ನಾನು ಕೇಳ್ಲಿಲ್ಲ. ನೀನು ಚೆನ್ನಾಗಿದೆ ಅಂದ ತಕ್ಷಣ ಎದ್ದು ಹೋಗ್ತಿದ್ದೆ, ಎಲ್ಲಿ ಮಾತು ಬದಲಾಯಿಸ್ತೀಯೋ ಅಂತ."

ಮಗಳೇ ಎಂದು ಅವರು ಅದಕ್ಕೆ ಮುಂಚೆ ಕರೆದದ್ದಿರಲಿಲ್ಲ. ಇಬ್ಬರೂ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

"ಆ ಮಾತು ನಿನ್ನ ಮೇಲೆ ಹಾಕಿದ್ದು ತಪ್ಪಾಯ್ತು," ಎಂದರು ಮಾವ. ಸ್ವಲ್ಪ ತಡೆದು, "ಪೂರ್ತಿ ತಪ್ಪು ಅಂತಾನೂ ಅನ್ನೋಕಾಗಲ್ಲ. ಆದ್ರೆ ತಪ್ಪು," ಎಂದರು.

ಅವಳು ತಲೆಯಾಡಿಸಿದಳು. ಅವರಿಗೆ ಕಾಣುವುದಿಲ್ಲವೆಂದು ಹೊಳೆದು, "ಹೂಂ," ಎಂದಳು.

ಹಿಡಿಗೆ ಹಳೆಯ ಬಾಗಿಲಿನ ಚೌಕಟ್ಟಿನ ತುಂಡು ಸಿಕ್ಕಿತು. ಮೊದಲು ಮಾಡಿದ್ದು ದಪ್ಪವಾಯಿತು. ಮೂಗಿಗಿಂತ ಮೂಗುತಿ ಭಾರ ಎಂದು ಮಾವ ಅದನ್ನು ಒಲೆಗೆ ಹಾಕಿ, ಅವಳ ಮುಷ್ಟಿಯ ಅಳತೆ ತೆಗೆದುಕೊಂಡು ಇನ್ನೊಂದು ಕೆತ್ತಿದರು. ಮಸೆಯುವುದಕ್ಕೆ ಎರಡು ಸಂಜೆ ಹಿಡಿಯಿತು. ಕತ್ತಿ ನೋಡಲು ಚೆಂದವೇನೂ ಇರಲಿಲ್ಲ. ಮೈಮೇಲೆ ಸುತ್ತಿಗೆಯ ಗುಳಿಗಳು, ಬೆನ್ನಿನ ಹತ್ತಿರ ಕಪ್ಪು ಕಲೆ, ಮೊನೆಯಲ್ಲಿ ಕಂದಿನ ಛಾಯೆ.

ಆಸ್ಪತ್ರೆಯ ಅಡುಗೆಮನೆಯಲ್ಲಿ ಅದನ್ನು ಚೀಲದಿಂದ ತೆಗೆದಾಗ ಪಕ್ಕದವಳು ಒಂದು ಹೆಜ್ಜೆ ಹಿಂದೆ ಸರಿದಳು. "ಯಾರ ಮೇಲೆ ಕತ್ತಿ ಮಸೀತಿದೀಯೇ?" ಎಂದಳು. ಎಲೆಕೋಸಿನ ಮೇಲೆ ಕತ್ತಿ ಇಟ್ಟು ಅವಳು ಕೈಯ ಭಾರವನ್ನಷ್ಟೇ ಬಿಟ್ಟಳು. ಕೋಸು ಎರಡಾಗಿ ಬಿತ್ತು. ಮೇಜಿನ ಸುತ್ತ ಒಂದು ಕ್ಷಣ ಯಾರ ಚಾಕುವೂ ಆಡಲಿಲ್ಲ. ಮುಖ್ಯ ಅಡುಗೆಯವಳು ಬಂದು ತಾನೊಂದು ಗೆಣಸು ಹೆಚ್ಚಿ ನೋಡಿ, ಇನ್ನೊಂದು ಹೆಚ್ಚಿದಳು. ಪಾತ್ರೆ ತೊಳೆಯುವ ಮಾತು ಮತ್ತೆ ಬರಲಿಲ್ಲ.

ಬಾವು ಪೂರ್ತಿ ಹೋಗಲಿಲ್ಲ. ತಿಂಗಳಲ್ಲಿ ಅರ್ಧಕ್ಕೆ ಇಳಿಯಿತು. ಚಳಿಗಾಲದಲ್ಲಿ ಮತ್ತೆ ಸ್ವಲ್ಪ ನೋವು ಬಂತು, ಹೋಯಿತು. ಮಾವ ಹದಿನೈದು ದಿನಕ್ಕೊಮ್ಮೆ ಕತ್ತಿಯ ಮೊನೆ ಮಸೆಯುತ್ತಿದ್ದರು.

ಒಂದು ಭಾನುವಾರ ಮಸೆಯುವ ಕಲ್ಲನ್ನು ತೊಳೆದಿಡುತ್ತ, "ಅವನನ್ನ ಮಲಗಿಸಿದ ಜಾಗಕ್ಕೆ ಹೋಗೋಣ," ಎಂದರು.

ಮಣ್ಣು ಮಾಡಿದ ದಿನದ ನಂತರ ಇಬ್ಬರೂ ಅಲ್ಲಿಗೆ ಹೋಗಿರಲಿಲ್ಲ. ಬಸ್ಸಿಳಿದು ಗೇಟಿನಿಂದ ಒಳಗೆ ಸ್ವಲ್ಪ ದೂರ ನಡೆಯಬೇಕು. ಅವಳು ಸಾಲು ಎಣಿಸಿಕೊಂಡು ಹೋಗಿ ಒಂದು ಕಡೆ ನಿಂತಳು.

"ಹೇಗಿದೆ?" ಮಾವ ಕೇಳಿದರು.

ಅವಳು ನೋಡಿದಳು. "ಕಳೆ ಬೆಳೆದಿದೆ ಮಾವ, ಮೊಣಕಾಲುದ್ದ. ಕಲ್ಲು ಎಡಗಡೆಗೆ ವಾಲಿದೆ. ಅವರ ಹೆಸರಲ್ಲಿ ಮೊದಲನೇ ಅಕ್ಷರ ಅಳಿಸಿದೆ. ಯಾವುದೋ ನಾಯಿ ಇಲ್ಲಿ ಮಲಗಿ ಹೋಗುತ್ತೆ ಅಂತ ಕಾಣುತ್ತೆ, ಒಂದು ಕಡೆ ಹುಲ್ಲು ಒತ್ತಿದೆ."

"ನಾಯಿ ಇದ್ರೆ ಇರ್ಲಿ," ಎಂದರು ಮಾವ. "ಅವನಿಗೆ ನಾಯಿ ಅಂದ್ರೆ ಇಷ್ಟ ಇತ್ತು."

"ನಮ್ಮ ಮದುವೆಯಾದ ವಾರದಲ್ಲೇ ಒಂದನ್ನ ಎತ್ಕೊಂಡು ಬಂದಿದ್ರು. ನಾನೇ ಬೇಡ ಅಂದೆ."

"ಹೌದಾ? ನನಗೆ ಹೇಳ್ಲೇ ಇಲ್ಲ ಅವನು."

ಮಾವ ಮೆಲ್ಲಗೆ ಕೆಳಗೆ ಕೂತರು. ಕೈ ಚಾಚಿ ಮೊದಲ ಕಳೆಯ ಬುಡ ಹಿಡಿದು, ಬೇರು ಕಿತ್ತು ಬರುವ ಹಾಗೆ ನಿಧಾನವಾಗಿ ಎಳೆದರು. ಅವಳು ಚಪ್ಪಲಿ ಬಿಟ್ಟು ಇನ್ನೊಂದು ಬದಿಯಲ್ಲಿ ಕೂತಳು. "ಆ ನಾಯಿ ಎಂಥದ್ದು?" ಎಂದು ಮಾವ ಕೇಳಿದರು. ಅವಳು ಹೇಳತೊಡಗಿದಳು. ಮಧ್ಯಾಹ್ನದ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು.